ಬೊಮ್ಮಸಂದ್ರದ ಕಾರು, ಅಗಡಿಯ ರೊಕ್ಕ

2010ರ ಮೇ 26ರಂದು ಮಹೀಂದ್ರ ಅಂಡ್ ಮಹೀಂದ್ರ ಕಂಪನಿ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯ ಶೇಕಡಾ 55.2ರಷ್ಟು ಪಾಲು ಕೊಂಡಿತು. ಐದು ವಾರ ತುಂಬುವ ಮೊದಲೇ, ಜೂನ್ 29ರಂದು, ಅಮೆರಿಕದ ನಾಸ್ಡ್ಯಾಕ್ ಪೇಟೆಯಲ್ಲಿ ಟೆಸ್ಲಾ ಮೋಟರ್ಸ್ ಶೇರೊಂದಕ್ಕೆ 17 ಡಾಲರಿನಂತೆ ಮಾರಿ ಸುಮಾರು 22.6 ಕೋಟಿ ಡಾಲರ್ ಎತ್ತಿತು.

ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಕಡಿಮೆ. ಆ ಹೊತ್ತಿಗೆ ರೇವಾ 24 ದೇಶಗಳಲ್ಲಿ 3,500ಕ್ಕೂ ಹೆಚ್ಚು ಕಾರು ಓಡಿಸಿತ್ತು. ಟೆಸ್ಲಾ ಮಾರಿದ್ದು ಸಾವಿರ ಚಿಲ್ಲರೆ ರೋಡ್‌ಸ್ಟರ್. ರಸ್ತೆಯ ಮೇಲಿನ ಅನುಭವದ ಲೆಕ್ಕ ಹಿಡಿದರೆ ಬೆಂಗಳೂರೇ ಮುಂದಿತ್ತು. ಆಮೇಲೆ ಒಂದು ಕಂಪನಿ ಮಾಲೀಕರನ್ನು ಬದಲಿಸಿಕೊಂಡು ಹೇಗೋ ಜೀವ ಹಿಡಿಯಿತು, ಇನ್ನೊಂದು ಜಗತ್ತಿನ ಅತಿ ಬೆಲೆಬಾಳುವ ಕಾರು ಕಂಪನಿಯಾಯಿತು.

ಇದು ಬೆಂಗಳೂರಿನವರು ಮಾತ್ರ ತಲೆಕೆಡಿಸಿಕೊಳ್ಳುವ ಸಂಗತಿಯಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹುಡುಗರೂ ಈಗ ಮೊಬೈಲ್ ಫೋನಿನಲ್ಲೇ ವಿದ್ಯುತ್ ಗಾಡಿ ಕಂಪನಿಗಳ ಶೇರು ಕೊಳ್ಳುತ್ತಾರೆ, ಮಾರುತ್ತಾರೆ. ಹಾವೇರಿ ಬಳಿಯ ಅಗಡಿಯ ಚಹಾದಂಗಡಿಯಲ್ಲಿ ಅಂಥ ಒಬ್ಬ ಹುಡುಗ ನನ್ನನ್ನು ಕೇಳಿದ: “ಕಾಕಾ, ಕರೆಂಟ್ ಗಾಡಿ ತೊಗೊಳ್ಳೋದು ಛಲೋನೋ, ಆ ಕಂಪನಿ ಶೇರ್ ತೊಗೊಳ್ಳೋದು ಛಲೋನೋ?” ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ. ಎರಡಕ್ಕೂ ಒಂದೇ ಉತ್ತರ ಇದ್ದೀತು ಅನ್ನುವ ನಂಬಿಕೆ ಅವನ ಮಾತಿನಲ್ಲಿತ್ತು. ರೇವಾದ ಇತಿಹಾಸ ಆ ನಂಬಿಕೆಯನ್ನು ಉಳಿಸುವುದಿಲ್ಲ.

ರೇವಾ ಕಟ್ಟಿದ ಮೈನಿ ಕುಟುಂಬ ಬೆಂಗಳೂರಿನ ಕೈಗಾರಿಕಾ ವಲಯಕ್ಕೆ ಹೊಸದೇನಲ್ಲ. ಸುದರ್ಶನ್ ಮೈನಿ ಅವರು 1970ರ ದಶಕದಲ್ಲೇ ನಿಖರ ಯಂತ್ರಭಾಗಗಳ ಕಾರ್ಖಾನೆ ಹಾಕಿದವರು. ಕಾರ್ಖಾನೆಯೊಳಗೆ ಸರಕು ಸಾಗಿಸುವ ಬ್ಯಾಟರಿ ಗಾಡಿಗಳೂ ಅವರ ಗುಂಪಿನಿಂದ ಬಂದವು. ಮಗ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ ಅಲ್ಲಿನ ವಿದ್ಯಾರ್ಥಿಗಳ ತಂಡ ‘ಸನ್‌ರನ್ನರ್’ ಎಂಬ ಸೌರಕಾರು ಕಟ್ಟಿತು. 1990ರಲ್ಲಿ ಆ ಕಾರು ಅಮೆರಿಕದ ಸನ್‌ರೇಸ್ ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್ನಿಂದ ಅಡಿಲೇಡ್‌ವರೆಗಿನ ಸೌರಕಾರುಗಳ ಓಟದಲ್ಲಿ ಮೂರನೆಯದಾಗಿ ಬಂತು. ಇಪ್ಪತ್ತರ ಹುಡುಗನಿಗೆ ಅಷ್ಟು ಸಾಕಾಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಮುಂದಿನ ಓದು ಮುಗಿಸಿ, ಕ್ಯಾಲಿಫೋರ್ನಿಯಾದ ಅಮೆರಿಗಾನ್ ಎಂಬ ಕಂಪನಿಯಲ್ಲಿ ವಿದ್ಯುತ್ ವಾಹನದ ಕೆಲಸಕ್ಕೆ ಸೇರಿದರು.

ಆಗ ಕ್ಯಾಲಿಫೋರ್ನಿಯಾದಲ್ಲಿ ಬೀಸುತ್ತಿದ್ದ ಗಾಳಿಯೇ ಬೇರೆ. 1990ರಲ್ಲಿ ಅಲ್ಲಿನ ವಾಯು ಮಂಡಳಿ ಒಂದು ಕಟ್ಟಪ್ಪಣೆ ಹೊರಡಿಸಿತ್ತು: 1998ರ ಹೊತ್ತಿಗೆ ದೊಡ್ಡ ಕಂಪನಿಗಳು ಅಲ್ಲಿ ಮಾರುವ ಕಾರುಗಳಲ್ಲಿ ನೂರಕ್ಕೆ ಎರಡಾದರೂ ಹೊಗೆಯಿಲ್ಲದವಾಗಿರಬೇಕು. ಜನರಲ್ ಮೋಟರ್ಸ್‌ನ ಇವಿ1 ರಸ್ತೆಗಿಳಿದದ್ದು ಈ ಒತ್ತಾಯದ ನಡುವೆ. 1996ರಿಂದ ಅದನ್ನು ಬಾಡಿಗೆಗೆ ಕೊಟ್ಟರು, ಮಾರಲಿಲ್ಲ. ಕಂಪನಿಗಳು ಕೋರ್ಟಿಗೆ ಹೋಗಿ, ಮಂಡಳಿಯ ಪಟ್ಟು ಸಡಿಲವಾದದ್ದೇ ತಡ, 2003ರ ಸುಮಾರಿಗೆ ಆ ಕಾರುಗಳನ್ನು ವಾಪಸ್ ತರಿಸಿ ಬಹುಪಾಲು ನುಜ್ಜುಗುಜ್ಜು ಮಾಡಿದರು. ಓಡಿಸಿದವರು ದುಡ್ಡು ಕೊಡುತ್ತೇವೆ, ಕಾರು ಬಿಡಿ ಎಂದು ಗೋಗರೆದರೂ ಕೊಡಲಿಲ್ಲ. ವಿದ್ಯುತ್ ಕಾರಿನ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಪಾಠದ ಮೊದಲ ಕಂತು ಇದು: ಕಾರು ಚೆನ್ನಾಗಿರುವುದಕ್ಕೂ ಕಂಪನಿಗೆ ಅದು ಬೇಕಾಗಿರುವುದಕ್ಕೂ ಸಂಬಂಧವಿಲ್ಲ.

ಅಮೆರಿಗಾನ್ ಮತ್ತು ಮೈನಿ ಗುಂಪು ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದವು. ಚೇತನ್ ಅವರ ತಾಯಿಯ ಹೆಸರನ್ನೇ ಕಾರಿಗಿಟ್ಟರು. ಹೊಸೂರು ರಸ್ತೆಯ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ. ಏಳು ವರ್ಷ ಪರೀಕ್ಷೆ, ತಿದ್ದುಪಡಿ, ಮಂಜೂರಾತಿಗಳ ಓಡಾಟದಲ್ಲೇ ಕಳೆದವು. ಬ್ಯಾಟರಿ ಕಾರಿಗೆ ಯಾವ ನಿಯಮ ಹಚ್ಚಬೇಕೆಂಬುದೇ ನಮ್ಮ ದೇಶದಲ್ಲಿ ಇನ್ನೂ ನೆಲೆಯಾಗಿರಲಿಲ್ಲ. ಕಡೆಗೆ 2001ರಲ್ಲಿ ಕಾರು ಬೆಂಗಳೂರಿನ ರಸ್ತೆಗಿಳಿಯಿತು.

ನೋಡಿದವರಿಗೆ ಅದು ಮರೆಯುವ ರೂಪವಲ್ಲ. ಉದ್ದ 2.6 ಮೀಟರ್, ಎಂದರೆ ಮಾರುತಿ 800ಕ್ಕಿಂತಲೂ ಸುಮಾರು ಒಂದೂವರೆ ಮೊಳ ಚಿಕ್ಕದು. ಎರಡೇ ಬಾಗಿಲು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಡಿಚಿ ಕೂತರೆ ಇಬ್ಬರು ಮಕ್ಕಳು. ಹೊರಮೈ ತಗಡಿನದಲ್ಲ, ಗುದ್ದಿದರೂ ತಗ್ಗು ಬೀಳದ ಪ್ಲಾಸ್ಟಿಕ್ಕಿನದು. ಗೇರಿಲ್ಲ, ಕ್ಲಚ್ಚಿಲ್ಲ, ಮುಂದಕ್ಕೆ, ಹಿಂದಕ್ಕೆ ಹೋಗಲು ತಿರುವುವ ಒಂದು ಗುಂಡಿ. ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ವೈರು ಸಿಕ್ಕಿಸಿದರೆ ಎರಡೂವರೆ ತಾಸಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು, ರಾತ್ರಿಯೆಲ್ಲ ಬಿಟ್ಟರೆ ಪೂರ್ತಿ ಚಾರ್ಜ್. ಬ್ರೇಕು ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಮರಳಿ ಬ್ಯಾಟರಿಗೆ ತುಂಬುವ ಏರ್ಪಾಡು ಆಗಲೇ ಅದರಲ್ಲಿತ್ತು. ಗಂಟೆಗೆ 65 ಕಿಲೋಮೀಟರ್ ವೇಗ, ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಓಟ. ಹಾವೇರಿಯಿಂದ ಹೊರಟರೆ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಕರೆಂಟು ಖಾಲಿ. ಅದು ನಮ್ಮ ಹೆದ್ದಾರಿಗೆ ಕಟ್ಟಿದ ಕಾರಲ್ಲ, ಜಯನಗರದಿಂದ ಮಹಾತ್ಮ ಗಾಂಧಿ ರಸ್ತೆಗೆ ಹೋಗಿಬರಲು ಕಟ್ಟಿದ ಕಾರು.

ಕಿಲೋಮೀಟರಿಗೆ 40 ಪೈಸೆ ಖರ್ಚು ಎಂದು ಕಂಪನಿ ಹೇಳುತ್ತಿತ್ತು. ಕರೆಂಟ್ ಬಿಲ್ಲಿನ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಸೀಸದ ಬ್ಯಾಟರಿಗೆ ಆಗಾಗ ಭಟ್ಟಿ ಇಳಿಸಿದ ನೀರು ತುಂಬಬೇಕು. ಮೂರ್ನಾಲ್ಕು ವರ್ಷಕ್ಕೊಮ್ಮೆ ಎಂಟೂ ಬ್ಯಾಟರಿಗಳನ್ನು ಬದಲಿಸಬೇಕು. ಬೇಸಿಗೆಯಲ್ಲಿ ಏಸಿ ಹಾಕಿದರೆ ಓಟ ಕುಗ್ಗುತ್ತದೆ. ಬ್ಯಾಟರಿ ಬದಲಿಸುವ ಮೊತ್ತವನ್ನು ಆ 40 ಪೈಸೆಗೆ ಹಂಚಿ ಸೇರಿಸಿದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಕೊಂಡವರು ಇದನ್ನು ತಿಳಿದೇ ಕೊಂಡರು. ಅವರಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಕಾರಿತ್ತು. ಮೊದಲ ಕಾರು ಕೊಳ್ಳುವ ಮಧ್ಯಮ ವರ್ಗದವರು ಹಿಂಜರಿದರು. ಎರಡೂವರೆ ಲಕ್ಷದ ಆಸುಪಾಸಿನ ಬೆಲೆಗೆ ಆಗ ನಾಲ್ಕು ಬಾಗಿಲಿನ, ಊರಿಗೂ ಹೋಗಿಬರಬಲ್ಲ ಕಾರು ಸಿಗುತ್ತಿತ್ತು.

ಹೀಗೆ ತವರಿನಲ್ಲಿ ತೆವಳುತ್ತಿದ್ದ ಕಾರಿಗೆ ಅದೃಷ್ಟ ಒಲಿದದ್ದು ಲಂಡನ್ನಿನಲ್ಲಿ. 2003ರ ಫೆಬ್ರವರಿಯಲ್ಲಿ ಅಲ್ಲಿನ ಮೇಯರ್ ಕೆನ್ ಲಿವಿಂಗ್‌ಸ್ಟನ್ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಹಾಕಿದರು. 2005ರಲ್ಲಿ ಅದು 8 ಪೌಂಡಾಯಿತು. ವಿದ್ಯುತ್ ಕಾರಿಗೆ ಆಗ ಶುಲ್ಕವಿರಲಿಲ್ಲ. ನಡುಲಂಡನ್ನಿನ ಕೆಲವು ಕಡೆ ಪಾರ್ಕಿಂಗ್ ಕೂಡ ಬಿಟ್ಟಿಯಾಗಿತ್ತು. ಲಂಡನ್ನಿನಲ್ಲಿ ಪಾರ್ಕಿಂಗ್‌ಗೆ ತೆರುವ ದುಡ್ಡು ಬಲ್ಲವರಿಗೆ ಇದರ ಬೆಲೆ ಗೊತ್ತು. ಗೋಯಿಂಗ್‌ಗ್ರೀನ್ ಎಂಬ ಸಂಸ್ಥೆ ರೇವಾವನ್ನು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರತೊಡಗಿತು. ಶೋರೂಮ್ ಇಲ್ಲ, ಇಂಟರ್ನೆಟ್ಟಿನಲ್ಲಿ ಬುಕ್ ಮಾಡಿದರೆ ಮನೆಬಾಗಿಲಿಗೆ ತಂದುಕೊಡುವುದು, ರಿಪೇರಿಗೂ ಮನೆಗೇ ಬರುವುದು. ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಡಿಸಿ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಾದಂಬರಿಕಾರ ಗಳಗನಾಥರನ್ನು ನೆನೆಯುವ ನಮ್ಮ ಕಡೆಯವರಿಗೆ ಈ ಪಾಡು ಹೊಸದಲ್ಲ. ಹೊಸ ಸರಕು ತಯಾರಿಸಿದವನೇ ಅದರ ಗಿರಾಕಿಯನ್ನೂ ತಯಾರಿಸಬೇಕು.

ಜಿ-ವಿಜ್ ಸಾವಿರಕ್ಕೂ ಮೇಲ್ಪಟ್ಟು ಲಂಡನ್ನಿನ ಬೀದಿಗಿಳಿಯಿತು. ಅಂದಿನ ಮಟ್ಟಿಗೆ ಒಂದು ನಗರದಲ್ಲಿ ಒಂದೇ ಮಾದರಿಯ ವಿದ್ಯುತ್ ಕಾರು ಅಷ್ಟು ಕಾಣುವುದು ಅಪರೂಪ. ಕನ್ನಡ ನಾಡಿನಲ್ಲಿ ತಯಾರಾದ ಕಾರು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ದಿನನಿತ್ಯದ ಸುದ್ದಿಯಾಯಿತು. ನಾವು ಅದನ್ನು ಆಗ ಅಷ್ಟಾಗಿ ಗಮನಿಸಲಿಲ್ಲ. ಬೆಂಗಳೂರು ಎಂದರೆ ಸಾಫ್ಟ್‌ವೇರ್ ಎಂಬ ಒಂದೇ ರಾಗದಲ್ಲಿ ಮುಳುಗಿದ್ದೆವು.

ರೊಕ್ಕ ಬಂದದ್ದೂ ಲಂಡನ್ ಯಶಸ್ಸಿನ ಬೆನ್ನಿಗೇ. 2006ರ ಡಿಸೆಂಬರಿನಲ್ಲಿ ಅಮೆರಿಕದ ಡ್ರೇಪರ್ ಫಿಶರ್ ಜುರ್ವೆಟ್‌ಸನ್ ಮತ್ತು ಗ್ಲೋಬಲ್ ಎನ್ವಿರಾನ್‌ಮೆಂಟ್ ಫಂಡ್ ಸೇರಿ ರೇವಾದಲ್ಲಿ 2 ಕೋಟಿ ಡಾಲರ್ ಹೂಡಿದವು. ಇದೇ ಡ್ರೇಪರ್ ಫಿಶರ್ ಜುರ್ವೆಟ್‌ಸನ್ ಅದೇ ವರ್ಷ ಟೆಸ್ಲಾದಲ್ಲೂ ಹಣ ಹಾಕಿತ್ತು. ಹೂಡಿಕೆದಾರರ ಲೆಕ್ಕದಲ್ಲಿ ಇದು ಜಾಣತನ. ಒಂದೇ ಬೀಜವನ್ನು ಎರಡು ಹೊಲದಲ್ಲಿ ಬಿತ್ತಿದರೆ ಒಂದಾದರೂ ಕೈ ಹಿಡಿದೀತು. ಬಿತ್ತಿದವರಿಗೆ ಸರಾಸರಿ ಲಾಭ ಸಾಕು; ಒಣಗಿದ ಹೊಲದವರ ಗತಿ ಅವರ ಲೆಕ್ಕಕ್ಕೆ ಬರುವುದಿಲ್ಲ.

ಟೆಸ್ಲಾ ಹಿಡಿದ ದಾರಿಯೇ ಬೇರೆ. 2003ರಲ್ಲಿ ಮಾರ್ಟಿನ್ ಎಬರ್ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಕಟ್ಟಿದ ಆ ಕಂಪನಿ ಮೊದಲಿಂದಲೂ ಲಿಥಿಯಂ ಅಯಾನ್ ಬ್ಯಾಟರಿಯನ್ನೇ ನೆಚ್ಚಿತು. ಆ ಬ್ಯಾಟರಿ ಆಗ ವಿಪರೀತ ದುಬಾರಿ. ಹಾಗಾಗಿ ಮೊದಲು ಲಕ್ಷ ಡಾಲರಿನ ಕ್ರೀಡಾಕಾರನ್ನೇ ಮಾಡಿ ಶ್ರೀಮಂತರಿಗೆ ಮಾರಿತು. ರೇವಾ ಬಡತನದ ತಂತ್ರಜ್ಞಾನದಿಂದ ಶುರುಮಾಡಿ ಮೇಲೇರಲು ನೋಡಿತು, ಟೆಸ್ಲಾ ಮೇಲಿನಿಂದ ಕೆಳಗಿಳಿಯಿತು. ಯಾರ ಯೋಚನೆ ಸರಿ ಎಂಬುದು 2006ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಗ ಪಂದ್ಯ ಕಟ್ಟುವವರು ರೇವಾದ ಕಡೆಗೇ ಕಟ್ಟಿದ್ದರೂ ಅವರನ್ನು ಮೂರ್ಖರೆನ್ನುವಂತಿಲ್ಲ.

ಪೆಟ್ಟು ಬಿದ್ದದ್ದು 2007ರಲ್ಲಿ. ಯುರೋಪಿನ ಕಾನೂನಿನಲ್ಲಿ ರೇವಾ ಪೂರ್ಣ ಕಾರಲ್ಲ. ಭಾರಿ ಮೋಟರ್ ಚತುಶ್ಚಕ್ರ ವಾಹನಗಳ ವರ್ಗಕ್ಕೆ ಸೇರಿದ್ದು. ಈ ವರ್ಗಕ್ಕೆ ಕಾರುಗಳ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. ಟಾಪ್ ಗೇರ್ ಪತ್ರಿಕೆ ತಾನೇ ದುಡ್ಡು ಕೊಟ್ಟು ಗಂಟೆಗೆ 40 ಮೈಲಿ ವೇಗದಲ್ಲಿ ಜಿ-ವಿಜ್ಜನ್ನು ಗುದ್ದಿಸಿ ನೋಡಿತು. ಒಳಗಿಟ್ಟ ಬೊಂಬೆಗಳ ಪಾಡು ಕಂಡವರು ಬೆಚ್ಚಿದರು. ಬ್ರಿಟನ್ನಿನ ಸಾರಿಗೆ ಇಲಾಖೆಯ ಪರೀಕ್ಷೆಯೂ ಕಳವಳವನ್ನೇ ಹೇಳಿತು. ಇದು ಹೆದ್ದಾರಿಯ ಕಾರಲ್ಲ, ನಗರದ ಮಂದಗತಿಗೆ ಮಾಡಿದ್ದು, ಕಾನೂನು ಕೇಳಿದ್ದನ್ನೆಲ್ಲ ಪಾಲಿಸಿದ್ದೇವೆ ಎಂದು ಕಂಪನಿ ವಾದಿಸಿತು. ಕಾನೂನಿನ ಪ್ರಕಾರ ವಾದ ಸರಿಯೇ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನು ಕಾನೂನಿನ ವರ್ಗೀಕರಣ ಓದುವುದಿಲ್ಲ, ಫೋಟೋ ನೋಡುತ್ತಾನೆ. ನನ್ನ ತೀರ್ಮಾನದಲ್ಲಿ ರೇವಾದ ನಿಜವಾದ ತಪ್ಪು ಇದೊಂದೇ: ಕಾನೂನಿನ ಕನಿಷ್ಠವನ್ನು ಮುಟ್ಟಿ ಅಲ್ಲಿಗೇ ನಿಂತದ್ದು.

ಕಂಪನಿ ತಿದ್ದಿಕೊಂಡಿತು ಎಂಬುದನ್ನೂ ಹೇಳಬೇಕು. ಚಾಸಿ ಗಟ್ಟಿ ಮಾಡಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿ, ಎಸಿ (ಪರ್ಯಾಯ ವಿದ್ಯುತ್) ಮೋಟರ್ ಕೂರಿಸಿ ‘ರೇವಾ-ಐ’ ತಂದಿತು. 2009ರ ಆರಂಭದಲ್ಲಿ ಲಿಥಿಯಂ ಬ್ಯಾಟರಿಯ ಮಾದರಿಯೂ ಬಂತು. ಅದೇ ವರ್ಷ ಸೆಪ್ಟೆಂಬರಿನ ಫ್ರಾಂಕ್‌ಫರ್ಟ್ ಮೋಟರ್ ಮೇಳದಲ್ಲಿ ‘ಎನ್‌ಎಕ್ಸ್‌ಆರ್’ ಮತ್ತು ದಿಲೀಪ್ ಛಾಬ್ರಿಯಾ ವಿನ್ಯಾಸದ ‘ಎನ್‌ಎಕ್ಸ್‌ಜಿ’ ಎಂಬ ಎರಡು ಹೊಸ ಕಾರುಗಳನ್ನು ತೋರಿಸಿದರು. ಆ ಮೇಳದಲ್ಲಿ ಜನ ಹೆಚ್ಚು ಮಾತಾಡಿದ್ದು ಕಾರಿಗಿಂತ ಅದರೊಳಗಿನ ಒಂದು ಚಮತ್ಕಾರದ ಬಗ್ಗೆ. ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಚಾಲಕ ಕಂಪನಿಗೆ ಎಸ್‌ಎಂಎಸ್ ಕಳಿಸಬೇಕು. ಬೆಂಗಳೂರಿನ ಕಂಪ್ಯೂಟರ್ ಬ್ಯಾಟರಿಯ ಸ್ಥಿತಿ ಓದಿ, ಅಡಗಿಸಿಟ್ಟ ಮೀಸಲು ಶಕ್ತಿಯನ್ನು ದೂರದಿಂದಲೇ ಬಿಡುಗಡೆ ಮಾಡುತ್ತದೆ. ಕಾರು ಮನೆ ಸೇರುವಷ್ಟು ದೂರ ಓಡುತ್ತದೆ. ಗಾಡಿ ಮತ್ತು ಕಂಪನಿ ಸದಾ ಮಾತಾಡಿಕೊಂಡಿರುವ ಇಂದಿನ ಪದ್ಧತಿಯ ಮೂಲರೂಪ ಬೊಮ್ಮಸಂದ್ರದಲ್ಲಿ 2009ರಲ್ಲೇ ಇತ್ತು.

ಅದೇ ಸೆಪ್ಟೆಂಬರಿನಲ್ಲಿ ಜನರಲ್ ಮೋಟರ್ಸ್‌ನ ಭಾರತೀಯ ಘಟಕ, ರೇವಾದ ತಂತ್ರಜ್ಞಾನ ಬಳಸಿ ತನ್ನ ಸ್ಪಾರ್ಕ್ ಕಾರಿನ ವಿದ್ಯುತ್ ಮಾದರಿ ತರುವುದಾಗಿ ಸಾರಿತು. ಇವಿ1ನ್ನು ನುಜ್ಜುಗುಜ್ಜು ಮಾಡಿದ ಕಂಪನಿಯೇ ಬೆಂಗಳೂರಿಗೆ ಬಂದು ವಿದ್ಯುತ್ ಮೋಟರು ಕೇಳಿತ್ತು! ಆದರೆ ಆ ಮದುವೆ ನಿಶ್ಚಿತಾರ್ಥದಲ್ಲೇ ಮುರಿಯಿತು. ಮಹೀಂದ್ರ ಬಂದ ಕೂಡಲೇ ಜನರಲ್ ಮೋಟರ್ಸ್ ಹಿಂದೆ ಸರಿಯಿತು. ಪ್ರತಿಸ್ಪರ್ಧಿಯ ಮನೆಯಿಂದ ಹೆಣ್ಣು ತರುವವರುಂಟೆ?

ಇನ್ನು ಆ 2010. ಹೊಸ ಮಾದರಿಗಳನ್ನು ತಯಾರಿಸಲು ನೂರಾರು ಕೋಟಿ ಬೇಕಿತ್ತು. ಜಗತ್ತು 2008ರ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಮಹೀಂದ್ರ ಪ್ರವರ್ತಕರ ಪಾಲು ಕೊಂಡಿದ್ದಲ್ಲದೆ ಕಂಪನಿಗೆ 45 ಕೋಟಿ ರೂಪಾಯಿಯಷ್ಟು ಹೊಸ ಬಂಡವಾಳ ಹಾಕುವುದಾಗಿ ಹೇಳಿತು. ಅತ್ತ ಟೆಸ್ಲಾಕ್ಕೆ ಅಮೆರಿಕ ಸರಕಾರದ ಇಂಧನ ಇಲಾಖೆ 46.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು. ಡೈಮ್ಲರ್ 5 ಕೋಟಿ ಡಾಲರ್ ಕೊಟ್ಟಿತ್ತು, ಟೊಯೊಟ 5 ಕೋಟಿ ಡಾಲರ್ ಕೊಡಲು ಒಪ್ಪಿ ತನ್ನ ಮುಚ್ಚಿದ ಕಾರ್ಖಾನೆಯನ್ನೂ ಮಾರಿತ್ತು. ಎರಡೂ ಕಂಪನಿಗಳು ನಷ್ಟದಲ್ಲಿದ್ದವು. ಒಂದರ ನಷ್ಟವನ್ನು ಹೊರಲು ಒಂದು ದೇಶವೇ ಹೆಗಲು ಕೊಟ್ಟಿತ್ತು.

ನಮ್ಮಲ್ಲಿ ಸರಕಾರ ಮಾಡಿದ್ದೇನು? ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2010ರ ನವೆಂಬರಿನಲ್ಲಿ ವಿದ್ಯುತ್ ಕಾರಿಗೆ ಒಂದು ಲಕ್ಷ ರೂಪಾಯಿವರೆಗೆ, ಸ್ಕೂಟರಿಗೆ ನಾಲ್ಕೈದು ಸಾವಿರದವರೆಗೆ ಸಹಾಯಧನ ಘೋಷಿಸಿತು. ಮಾರಾಟ ಚಿಗುರಿತು. 2012ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು, ಮುಂದೆ ಏನೆಂದು ಯಾರೂ ಹೇಳಲಿಲ್ಲ. ಮುಂದಿನ ಯೋಜನೆ ‘ಫೇಮ್’ ಬಂದದ್ದು 2015ರ ಏಪ್ರಿಲಿನಲ್ಲಿ. ನಡುವಿನ ಮೂರು ವರ್ಷಗಳಲ್ಲಿ ಎಷ್ಟೋ ಸ್ಕೂಟರ್ ತಯಾರಕರು ಬಾಗಿಲು ಹಾಕಿಕೊಂಡರು. ನೀರು ಬಿಟ್ಟು, ಸಸಿ ತಲೆಯೆತ್ತುವಾಗ ಗೇಟು ಮುಚ್ಚುವುದನ್ನು ತುಂಗಾ ಮೇಲ್ದಂಡೆಯ ಕಾಲುವೆ ಕೊನೆಯ ರೈತರಿಗೆ ವಿವರಿಸಬೇಕಾಗಿಲ್ಲ.

ಸರಿಯಾಗಿ ಈ ಬರಗಾಲದ ನಡುವೆ ಮಹೀಂದ್ರ ರೇವಾ ತನ್ನ ದೊಡ್ಡ ಹೆಜ್ಜೆ ಇಟ್ಟಿತು. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ವರ್ಷಕ್ಕೆ 30,000 ಕಾರು ತಯಾರಿಸಬಲ್ಲ ಹೊಸ ಕಾರ್ಖಾನೆ. 2013ರ ಮಾರ್ಚ್ 18ರಂದು ದೆಹಲಿಯಲ್ಲಿ ‘ಇ2ಒ’ ಬಿಡುಗಡೆ. ಲಿಥಿಯಂ ಬ್ಯಾಟರಿ, 100 ಕಿಲೋಮೀಟರ್ ಓಟ, ಹಿಂದೆ ದೊಡ್ಡವರೂ ಕೂರುವಷ್ಟು ಜಾಗ. ದೆಹಲಿ ಸರಕಾರದ ರಿಯಾಯಿತಿ ಕಳೆದು ಅಲ್ಲಿ ಬೆಲೆ 5.96 ಲಕ್ಷ, ತವರೂರಾದ ಬೆಂಗಳೂರಿನಲ್ಲಿ ಇನ್ನೂ ಹೆಚ್ಚು. ಅದೇ ದುಡ್ಡಿಗೆ ಸ್ವಿಫ್ಟ್ ಬರುತ್ತಿತ್ತು. ಮದುವೆಗೆ, ಜಾತ್ರೆಗೆ, ಊರಿಗೆ ಹೋಗಲಾರದ ಕಾರನ್ನು ಸ್ವಿಫ್ಟಿನ ಬೆಲೆಗೆ ಕೊಳ್ಳುವವರು ಎಷ್ಟು ಮಂದಿ ಸಿಕ್ಕಾರು? ಮೂವತ್ತು ಸಾವಿರದ ಕಾರ್ಖಾನೆಯಲ್ಲಿ ಮಾರಾಟದ ಲೆಕ್ಕ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಚೇತನ್ ಮೈನಿ ಮೊದಲು ಆಡಳಿತದ ಹೊಣೆ ಬಿಟ್ಟು, 2015ರಲ್ಲಿ ಕಂಪನಿಯನ್ನೇ ಬಿಟ್ಟರು. ಮರುವರ್ಷ ಹೆಸರಿನಲ್ಲಿದ್ದ ‘ರೇವಾ’ ಹೋಗಿ ‘ಮಹೀಂದ್ರ ಎಲೆಕ್ಟ್ರಿಕ್’ ಆಯಿತು. 2019ರಲ್ಲಿ ಡಿಕ್ಕಿ ಸುರಕ್ಷತೆಯ ಹೊಸ ನಿಯಮಗಳು ಜಾರಿಯಾಗುವ ಹೊತ್ತಿಗೆ ಇ2ಒ ತಯಾರಿಕೆಯೂ ನಿಂತಿತು. ಹಳೆಯ ರೇವಾಗಳ ಒಟ್ಟು ಮಾರಾಟ ಜಗತ್ತಿನಾದ್ಯಂತ ಸುಮಾರು 4,600.

ರೇವಾದ ಬಗ್ಗೆ ಬರೆದವರಲ್ಲಿ ಎರಡು ಪಂಗಡಗಳಿವೆ. ಸೀಸದ ಬ್ಯಾಟರಿ, ಇಕ್ಕಟ್ಟಿನ ಒಡಲು, ಅನುಮಾನದ ಸುರಕ್ಷತೆ. ಕಾರೇ ಸರಿಯಿರಲಿಲ್ಲ, ಸಹಾಯಧನದಿಂದ ಬದುಕಿಸುವುದು ಸಾಧ್ಯವಿರಲಿಲ್ಲ ಎನ್ನುವುದು ಒಂದು. ಕಾರು ಕಾಲಕ್ಕೆ ಮುಂಚೆ ಹುಟ್ಟಿತು, ಸ್ಥಿರವಾದ ನೀತಿ ಇದ್ದಿದ್ದರೆ ಚೀನಾಕ್ಕಿಂತ ಮೊದಲು ನಾವಿರುತ್ತಿದ್ದೆವು ಎನ್ನುವುದು ಇನ್ನೊಂದು. ಮಹೀಂದ್ರ ರೇವಾವನ್ನು ಉಳಿಸಿತೋ ನುಂಗಿತೋ ಎಂಬ ಚರ್ಚೆಯೂ ಇದರ ಬಾಲ. ನನಗೆ ಈ ವಾದಗಳೆರಡೂ ಒಂದು ಅಂಕಿಯನ್ನು ಮರೆಯುತ್ತವೆ ಅನ್ನಿಸುತ್ತದೆ. 2010ರಲ್ಲಿ ಲಿಥಿಯಂ ಬ್ಯಾಟರಿಯ ಬೆಲೆ ಒಂದು ಯೂನಿಟ್ ವಿದ್ಯುತ್ ಹಿಡಿಯುವ ಸಾಮರ್ಥ್ಯಕ್ಕೆ ಸಾವಿರ ಡಾಲರಿಗೂ ಮೇಲಿತ್ತು. 2024ರಲ್ಲಿ ಅದು 115 ಡಾಲರಿಗೆ ಇಳಿದಿತ್ತು. ರೇವಾ ತೊಡಗಿದ್ದು ಬ್ಯಾಟರಿ ದುಬಾರಿಯಿದ್ದಾಗ. ಅದು ಅಗ್ಗವಾಗುವವರೆಗೆ ಉಸಿರು ಹಿಡಿಯಲು ಬೇಕಾದ ದುಡ್ಡು ಅದರ ಬಳಿ ಇರಲಿಲ್ಲ. ಟೆಸ್ಲಾದ ಬಳಿ ಇತ್ತು, ಅದೂ ಕಡೇ ಗಳಿಗೆಯಲ್ಲಿ ಸಿಕ್ಕಿದ್ದು. ಇದರಲ್ಲಿ ಎಂಜಿನಿಯರುಗಳ ಸೋಲು ಗೆಲುವು ಕಡಿಮೆ.

ಎಂಜಿನಿಯರುಗಳ ಗೆಲುವನ್ನು ನೋಡಬೇಕಾದರೆ ನಮ್ಮ ಬಸ್ ನಿಲ್ದಾಣಗಳ ಹೊರಗೆ ನಿಲ್ಲಬೇಕು. ಕರ್ನಾಟಕ ಸರಕಾರ 2017ರ ಸೆಪ್ಟೆಂಬರಿನಲ್ಲಿ ದೇಶದಲ್ಲೇ ಮೊದಲ ವಿದ್ಯುತ್ ವಾಹನ ನೀತಿ ಹೊರಡಿಸಿದ ಮರುವರ್ಷ, 2018ರ ನವೆಂಬರಿನಲ್ಲಿ, ಬೊಮ್ಮಸಂದ್ರದ ಆ ಕಂಪನಿಯೇ ‘ಟ್ರಿಯೊ’ ಎಂಬ ವಿದ್ಯುತ್ ಆಟೋ ತಂದಿತು. ಸದ್ದಿಲ್ಲದೆ ಸುಳಿಯುವ ಈ ಆಟೋಗಳ ಹಿಂದೆ ರೇವಾ ಕಾಲದಿಂದ ಕೂಡಿಟ್ಟ ಮೋಟರು, ಬ್ಯಾಟರಿ ನಿರ್ವಹಣೆಯ ಅನುಭವವಿದೆ. ಆಟೋದವನಿಗೆ ನೂರು ಕಿಲೋಮೀಟರ್ ಓಟ ಸಾಕು, ಊರು ಬಿಟ್ಟು ಹೋಗುವ ಗೋಜಿಲ್ಲ, ಡೀಸೆಲ್ ಉಳಿತಾಯ ಅಂದಂದೇ ಕೈಗೆ ಸಿಗುತ್ತದೆ. ಶ್ರೀಮಂತರ ಎರಡನೇ ಕಾರಾಗಿ ಸೋತ ತಂತ್ರಜ್ಞಾನ ಬಡವನ ಮೊದಲ ಗಾಡಿಯಾಗಿ ಗೆದ್ದಿತು. ಚೇತನ್ ಮೈನಿ 2017ರಲ್ಲಿ ಉದಯ್ ಖೇಮ್ಕಾ ಜೊತೆ ಸನ್ ಮೊಬಿಲಿಟಿ ಕಟ್ಟಿ, ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಪಡೆಯುವ ಪದ್ಧತಿಯ ಬೆನ್ನು ಹತ್ತಿದರು. ಇಪ್ಪತ್ತು ವರ್ಷ ಕಾಡಿದ ಬ್ಯಾಟರಿಯ ಬೆಲೆಯನ್ನು ಗಾಡಿಯಿಂದಲೇ ಬೇರ್ಪಡಿಸುವ ಉಪಾಯ ಅದು.

ಈಗ ಶೇರಿನ ಮಾತು. ರೇವಾ ಎಂದೂ ಶೇರುಪೇಟೆಗೆ ಬರಲಿಲ್ಲ. ಅದರ ನಷ್ಟ ಉಂಡವರು ಮೈನಿ ಕುಟುಂಬ, ಅಮೆರಿಕದ ನಿಧಿಗಳು, ಆಮೇಲೆ ಮಹೀಂದ್ರ, ಹೊಟ್ಟೆ ತುಂಬಿದವರು. ಮುಂದಿನ ಪೀಳಿಗೆಯ ಬೆಂಗಳೂರು ಕಂಪನಿಗಳು ಹಾಗಲ್ಲ. ವಿದ್ಯುತ್ ಸ್ಕೂಟರ್ ತಯಾರಿಸುವ ಓಲಾ ಎಲೆಕ್ಟ್ರಿಕ್ 2024ರ ಆಗಸ್ಟಿನಲ್ಲಿ 76 ರೂಪಾಯಿಗೆ ಶೇರು ಕೊಟ್ಟು 6,100 ಕೋಟಿಗೂ ಹೆಚ್ಚು ಎತ್ತಿತು. ಎರಡು ವಾರದೊಳಗೆ ಅದು 157 ಮುಟ್ಟಿತು. ಆ ಏರಿಕೆಯ ಬೆನ್ನಿಗೇ ಬೀದಿಯಲ್ಲಿ ಬೇರೆ ಸುದ್ದಿ ನಡೆದಿತ್ತು. ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ, ಹೊಸ ಸ್ಕೂಟರಿನ ರಿಪೇರಿಗೆ ಅಲೆದು ಬೇಸತ್ತ ಗಿರಾಕಿಯೊಬ್ಬ ಶೋರೂಮಿಗೇ ಬೆಂಕಿ ಹಚ್ಚಿದ. ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹತ್ತು ಸಾವಿರಕ್ಕೂ ಹೆಚ್ಚು ದೂರುಗಳ ಮೇಲೆ ನೋಟಿಸು ಕೊಟ್ಟಿತು. ಬಹುತೇಕ ಎಲ್ಲ ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. 2025ರಲ್ಲಿ ಶೇರು 50 ರೂಪಾಯಿಗಿಂತ ಕೆಳಗಿಳಿಯಿತು. 2022ರ ಸ್ವಾತಂತ್ರ್ಯ ದಿನದಂದು ಕಂಪನಿ ಸಾರಿದ್ದ ವಿದ್ಯುತ್ ಕಾರು ಬರಲೇ ಇಲ್ಲ.

ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಆರಂಭಿಸಿದ ಏಥರ್ ಎನರ್ಜಿಯದ್ದು ಇದರ ತಿರುಗು ಮುಖ. ಮೊದಲ ಸ್ಕೂಟರನ್ನು ಗಿರಾಕಿಗೆ ಕೊಡಲು ಅವರಿಗೆ ಐದು ವರ್ಷ ಹಿಡಿಯಿತು. 2025ರ ಮೇ 6ರಂದು 321 ರೂಪಾಯಿಯ ಅದರ ಶೇರು ಪೇಟೆಗೆ ಬಂದಾಗ ಮೊದಲ ದಿನವೇ ಕೆಳಗಿಳಿದು ನಿಂತಿತು. ಓಲಾದಲ್ಲಿ ಕೈ ಸುಟ್ಟುಕೊಂಡವರು ಹತ್ತಿರ ಸುಳಿಯಲಿಲ್ಲ. ವರ್ಷದ ಕೊನೆಯ ಹೊತ್ತಿಗೆ ಅದು ಕೊಟ್ಟ ಬೆಲೆಗಿಂತ ಬಹಳ ಮೇಲಿತ್ತು. ಹಾಗೆಂದು ಹಿಗ್ಗುವವರಿಗೆ ಒಂದು ಮಾತು: 2024-25ರಲ್ಲಿ ಏಥರ್ 800 ಕೋಟಿಗೂ ಹೆಚ್ಚು, ಓಲಾ ಎಲೆಕ್ಟ್ರಿಕ್ 2,200 ಕೋಟಿಗೂ ಹೆಚ್ಚು ನಷ್ಟ ತೋರಿಸಿದವು. ಶೇರು ಏರಿದ್ದು ಲಾಭಕ್ಕಲ್ಲ, ಮುಂದೆ ಬರಬಹುದಾದ ಲಾಭದ ಆಸೆಗೆ. ಟೆಸ್ಲಾದ ಆಸೆ ಕೈಗೂಡಿತು. ರೇವಾದ ಆಸೆ ಆಟೋ ರೂಪದಲ್ಲಿ, ಬೇರೆಯವರ ಕಂಪನಿಯಲ್ಲಿ ಕೈಗೂಡಿತು.

ಅಗಡಿಯ ಹುಡುಗನಿಗೆ ನಾನು ಕೊಟ್ಟ ಉತ್ತರ ಅವನಿಗೆ ರುಚಿಸಲಿಲ್ಲ. ಗಾಡಿ ಕೊಳ್ಳುವುದಾದರೆ ಸರ್ವಿಸ್ ಸೆಂಟರ್ ಹಾವೇರಿಯಲ್ಲಿದೆಯೋ ಹುಬ್ಬಳ್ಳಿಯಲ್ಲಿದೆಯೋ ನೋಡು, ಬ್ಯಾಟರಿಗೆ ಎಷ್ಟು ವರ್ಷದ ವಾರಂಟಿ ಎಂದು ಬರಹದಲ್ಲಿ ತೊಗೋ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡಾಟವಿದ್ದರೆ ಗಾಡಿ ಇವತ್ತೇ ಲಾಭ. ಶೇರು ಕೊಳ್ಳುವುದಾದರೆ ಸ್ಕೂಟರಿನ ಅಂದ ಚಂದ ಮರೆತು, ಈ ನಷ್ಟವನ್ನು ಕಂಪನಿ ಇನ್ನೆಷ್ಟು ವರ್ಷ ಹೊರಬಲ್ಲದು, ಯಾರ ದುಡ್ಡಿನಿಂದ ಹೊರುತ್ತದೆ ಎಂಬುದನ್ನು ಅದರ ಲೆಕ್ಕಪತ್ರದಲ್ಲಿ ಹುಡುಕು. ಮೆಣಸಿನಕಾಯಿ ಮಾರಿದ ರೊಕ್ಕವನ್ನು ಅದಕ್ಕೆ ಹಾಕಬೇಡ. “ಹಂಗಾದ್ರ ಗಾಡಿನ ತೊಗೊಳ್ಳೋದು ಬರೋಬರಿ ಅಂತೀರಿ?” ಎಂದ. ಹೌದೆಂದೆ.

ಕಡೆಗೊಂದು ಕೋರಿಕೆ. ರೇವಾದ ಕಥೆಯನ್ನು ಈವರೆಗೆ ಹೆಚ್ಚಾಗಿ ಹೇಳಿದವರು ಮಾಲೀಕರು, ಹೂಡಿಕೆದಾರರು ಮತ್ತು ಲಂಡನ್ನಿನ ಪತ್ರಕರ್ತರು. ಬೊಮ್ಮಸಂದ್ರದ ಆ ಕಾರ್ಖಾನೆಯಲ್ಲಿ ಬ್ಯಾಟರಿ ಜೋಡಿಸಿದ, ಪ್ಲಾಸ್ಟಿಕ್ ಬಾಗಿಲು ಕೂರಿಸಿದ, ಗಿರಾಕಿಯ ಮನೆಗೆ ಹೋಗಿ ಬ್ಯಾಟರಿಗೆ ನೀರು ತುಂಬಿದ ಕೆಲಸಗಾರರ ಮಾತು ಕನ್ನಡದಲ್ಲಿ ದಾಖಲಾದದ್ದನ್ನು ನಾನು ಕಂಡಿಲ್ಲ. ಅವರಲ್ಲಿ ಹೆಚ್ಚಿನವರು ಈಗ ನಲವತ್ತು ಐವತ್ತು ದಾಟಿರಬೇಕು. ನಿಮ್ಮ ಊರಿನವರು, ನೆಂಟರಿಷ್ಟರು ಯಾರಾದರೂ ಅಲ್ಲಿ ದುಡಿದಿದ್ದರೆ ಅವರನ್ನು ಕೂರಿಸಿ ಮಾತಾಡಿಸಿ, ಬರೆದಿಡಿ.